ಸಹಕಾರಿ ಬ್ಯಾಂಕಿನ ಬೆನ್ನಿಗೆ ಯಾರಿದ್ದಾರೆ? ತಿಳಿಯುವುದು ಹೀಗೆ

ಸಹಕಾರಿ ಬ್ಯಾಂಕ್ ಯಾವ ದೇಶದ್ದೇ ಇರಲಿ, ಅದರ ವಾರ್ಷಿಕ ವರದಿ ಸಿಕ್ಕರೆ ಅದು ಹೇಗೆ ನಡೆಯುತ್ತದೆ, ದೊಡ್ಡ ಬ್ಯಾಂಕುಗಳ ಎದುರು ಹೇಗೆ ನಿಲ್ಲುತ್ತದೆ ಎಂದು ನೀವೇ ಕಂಡುಕೊಳ್ಳಬಹುದು. ಏನನ್ನು ಹುಡುಕಬೇಕು ಎನ್ನುವುದು ಗೊತ್ತಿದ್ದರೆ ಆಯಿತು.

ಮೊದಲು ಮಾಲೀಕರು ಯಾರು ನೋಡಿ. ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ. ಬ್ರಿಟನ್ನಿನ ಕೋ-ಆಪರೇಟಿವ್ ಬ್ಯಾಂಕಿನ ಹೆಸರಲ್ಲೇ ಸಹಕಾರ ಇತ್ತು. ಆದರೆ ಅದರ ಒಡೆತನ ಇದ್ದದ್ದು ಅಂಗಡಿಗಳನ್ನು ನಡೆಸುವ ಒಂದು ಸಹಕಾರಿ ಸಮೂಹದ ಕೈಯಲ್ಲಿ. 2013ರಲ್ಲಿ 150 ಕೋಟಿ ಪೌಂಡಿನ ಬಂಡವಾಳ ಕೊರತೆ ಬಯಲಾಯಿತು. ಅಷ್ಟನ್ನೂ ತುಂಬಿಕೊಡಲು ಆ ಸಮೂಹದಿಂದ ಆಗಲಿಲ್ಲ. ಬ್ಯಾಂಕಿನ ಬಹುಪಾಲು ಹೂಡಿಕೆದಾರರ ಪಾಲಾಯಿತು, ಹೆಸರು ಮಾತ್ರ ಹಾಗೇ ಉಳಿಯಿತು. 2025ರ ಜನವರಿಯಲ್ಲಿ ಕೊವೆಂಟ್ರಿ ಬಿಲ್ಡಿಂಗ್ ಸೊಸೈಟಿ ಕೊಂಡುಕೊಂಡ ಮೇಲೆ ಅದು ಮತ್ತೆ ಸದಸ್ಯರೇ ಒಡೆಯರಾಗಿರುವ ಸಂಸ್ಥೆಯ ಕೈ ಸೇರಿದೆ.

ಸಹಕಾರಿ ಬ್ಯಾಂಕಿನಲ್ಲಿ ಸಾಮಾನ್ಯವಾಗಿ ಒಬ್ಬ ಸದಸ್ಯನಿಗೆ ಒಂದೇ ಮತ. ನೂರು ಷೇರು ಇದ್ದರೂ ಅಷ್ಟೇ. ಬಂಡವಾಳ ಬೇಕಾದಾಗ ಕಷ್ಟವಾಗುವುದೂ ಇದರಿಂದಲೇ. ಎಷ್ಟು ದುಡ್ಡು ಹಾಕಿದರೂ ಹಿಡಿತ ಸಿಗದಿದ್ದರೆ ದೊಡ್ಡ ಹೂಡಿಕೆದಾರ ಯಾಕೆ ಬರುತ್ತಾನೆ, ಅಲ್ವಾ? ಹಾಗಾಗಿ ಬ್ಯಾಂಕ್ ಹೆಚ್ಚಾಗಿ ತನ್ನ ಲಾಭವನ್ನು ಉಳಿಸಿಯೇ ಬಂಡವಾಳ ಬೆಳೆಸಬೇಕು. ಲಾಭದ ಎಷ್ಟು ಪಾಲು ಮೀಸಲು ನಿಧಿಗೆ ಹೋಗಿದೆ ಎಂದು ವರದಿಯಲ್ಲಿ ಹುಡುಕಿ. ಇಟಲಿ 2015ರಲ್ಲಿ ಈ ತೊಡಕನ್ನು ಕಾನೂನಿನಿಂದಲೇ ಬಿಡಿಸಲು ಹೊರಟಿತು. 800 ಕೋಟಿ ಯೂರೊಗಿಂತ ಜಾಸ್ತಿ ಆಸ್ತಿಯಿದ್ದ 'ಪೊಪೊಲಾರಿ' ಸಹಕಾರಿ ಬ್ಯಾಂಕುಗಳು ಷೇರು ಕಂಪನಿಗಳಾಗಬೇಕು ಎಂದಿತು. ಫ್ರಾನ್ಸಿನ ಕ್ರೆಡಿ ಅಗ್ರಿಕೋಲ್ ಬೇರೆ ದಾರಿ ಹಿಡಿದಿದೆ. ಅದರ ಕೇಂದ್ರ ಕಂಪನಿ 2001ರಿಂದ ಷೇರುಪೇಟೆಯಲ್ಲಿದೆ, ಆದರೆ ಬಹುಮತದ ಷೇರು ಇರುವುದು 39 ಪ್ರಾದೇಶಿಕ ಸಹಕಾರಿ ಬ್ಯಾಂಕುಗಳ ಕೈಯಲ್ಲಿ. ಬಂಡವಾಳವೂ ಬಂತು, ಹಿಡಿತವೂ ಉಳಿಯಿತು.

ಇನ್ನು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಬ್ಯಾಂಕ್ ಎಡವಿದರೆ ಹಿಡಿಯುವವರು ಯಾರು?

ಇದಕ್ಕೆ ಜರ್ಮನಿಯನ್ನು ನೋಡಬೇಕು. ಅಲ್ಲಿ ಫೋಕ್ಸ್‌ಬ್ಯಾಂಕ್ ಮತ್ತು ರೈಫೈಸನ್ ಬ್ಯಾಂಕ್ ಎಂಬ ಹೆಸರಿನ ನೂರಾರು ಸಹಕಾರಿ ಬ್ಯಾಂಕುಗಳಿವೆ. ಒಂದೊಂದಕ್ಕೂ ಅದರದೇ ಸದಸ್ಯರು, ಅದರದೇ ಆಡಳಿತ, ಅದರದೇ ಪ್ರದೇಶ. ಒಂದರ ಪ್ರದೇಶಕ್ಕೆ ಇನ್ನೊಂದು ಸಾಮಾನ್ಯವಾಗಿ ಕೈಹಾಕುವುದಿಲ್ಲ. ಸಣ್ಣ ಬ್ಯಾಂಕಿಗೆ ನಿಭಾಯಿಸಲಾಗದ ಕೆಲಸಗಳಿಗೆ, ಅಂದರೆ ವಿದೇಶಿ ವ್ಯವಹಾರ, ಭಾರಿ ಮೊತ್ತದ ಸಾಲ, ಹೂಡಿಕೆ ಮುಂತಾದವಕ್ಕೆ, ಡಿಝಡ್ ಬ್ಯಾಂಕ್ ಇದೆ. ಅದರ ಒಡೆಯರೂ ಈ ಸಣ್ಣ ಬ್ಯಾಂಕುಗಳೇ. ಜೊತೆಗೆ 1930ರ ದಶಕದಿಂದ ಎಲ್ಲವೂ ಸೇರಿ ನಡೆಸುವ ರಕ್ಷಣಾ ನಿಧಿ ಇದೆ. ಒಂದು ಬ್ಯಾಂಕ್ ಮುಳುಗುವ ಮೊದಲೇ ಉಳಿದವು ನೆರವಿಗೆ ಬರುತ್ತವೆ, ಬೇಕಾದರೆ ಪಕ್ಕದ ಬ್ಯಾಂಕಿನೊಂದಿಗೆ ವಿಲೀನ ಮಾಡಿಸುತ್ತವೆ. ಸುಮ್ನೆ ದುಡ್ಡು ಕೊಡುವುದಿಲ್ಲ. ಲೆಕ್ಕಪರಿಶೋಧನೆ ಮಾಡುವ ಸಹಕಾರಿ ಒಕ್ಕೂಟಕ್ಕೆ ಪ್ರತಿ ಬ್ಯಾಂಕೂ ಸೇರಲೇಬೇಕು ಎಂಬ ಕಾನೂನಿದೆ. ಗ್ರಾಹಕನಿಗೆ ಕಾಣುವುದು ಪರಿಚಯದ ಸಣ್ಣ ಬ್ಯಾಂಕ್, ಪೈಪೋಟಿಗೆ ಬಂದವರಿಗೆ ಎದುರಾಗುವುದು ದೊಡ್ಡ ಬಳಗ.

ನೆದರ್ಲೆಂಡ್ಸಿನ ರಾಬೊಬ್ಯಾಂಕ್ 2016ರಲ್ಲಿ ತನ್ನ ಸ್ಥಳೀಯ ಬ್ಯಾಂಕುಗಳನ್ನೆಲ್ಲ ಒಂದೇ ಲೈಸೆನ್ಸಿನ ಅಡಿ ತಂದಿತು. ಸಹಕಾರಿ ರೂಪ ಉಳಿಯಿತು, ಸ್ಥಳೀಯ ಬ್ಯಾಂಕುಗಳ ಪ್ರತ್ಯೇಕ ಅಸ್ತಿತ್ವ ಹೋಯಿತು. ಮೇಲ್ವಿಚಾರಣೆ ಸುಲಭವಾಗುತ್ತದೆ ನಿಜ. ಆದರೂ ಸದಸ್ಯನ ಮಾತಿಗೆ ಬೆಲೆ ಹೆಚ್ಚು ಸಿಗುವುದು ಜರ್ಮನಿಯ ರೀತಿಯಲ್ಲೇ ಎಂದು ನನ್ನ ಅನಿಸಿಕೆ.

ಪೈಪೋಟಿಯಲ್ಲಿ ತೆರಿಗೆಯ ಪಾತ್ರವನ್ನೂ ನೋಡಿ. ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳು, ಅಂದರೆ ಸದಸ್ಯರೇ ಒಡೆಯರಾಗಿರುವ ಉಳಿತಾಯ-ಸಾಲದ ಸಹಕಾರಿ ಸಂಸ್ಥೆಗಳು, ಕೇಂದ್ರ ಸರ್ಕಾರಕ್ಕೆ ಆದಾಯ ತೆರಿಗೆ ಕಟ್ಟಬೇಕಿಲ್ಲ. ಉಳಿದ ಹಣದಲ್ಲಿ ಸಾಲದ ಬಡ್ಡಿ ಇಳಿಸಬಹುದು, ಠೇವಣಿಗೆ ಜಾಸ್ತಿ ಕೊಡಬಹುದು. ವಾಣಿಜ್ಯ ಬ್ಯಾಂಕುಗಳ ತಕರಾರು ಇದೇ. ಆದರೆ ಕ್ರೆಡಿಟ್ ಯೂನಿಯನ್‌ಗೆ ಬೇಕಾದವರೆಲ್ಲ ಸೇರುವಂತಿಲ್ಲ. ಒಂದೇ ಕಡೆ ಕೆಲಸ ಮಾಡುವವರು, ಒಂದೇ ಪ್ರದೇಶದವರು, ಹೀಗೆ ಏನಾದರೂ ನಂಟು ಇರಬೇಕು.

ಕೊನೆಗೆ ವಸೂಲಾಗದ ಸಾಲದ ಲೆಕ್ಕ ನೋಡಿ, ಹಿಂದಿನ ವರ್ಷಗಳ ಜೊತೆ ಹೋಲಿಸಿ. ಸರ್ವಸದಸ್ಯರ ಸಭೆಗೆ ಎಷ್ಟು ಜನ ಬಂದಿದ್ದರು ಎಂದೂ ಕೇಳಿ. ಸಾವಿರಾರು ಸದಸ್ಯರಿದ್ದು ಸಭೆಗೆ ಬೆರಳೆಣಿಕೆಯ ಜನ ಬಂದಿದ್ದರೆ, ಆ ಬ್ಯಾಂಕನ್ನು ನಡೆಸುತ್ತಿರುವವರು ಯಾರೆಂದು ಇನ್ನೊಮ್ಮೆ ವಿಚಾರಿಸಿ.