ಐಟಿ ಷೇರು ಆಯುವ ಮುನ್ನ ಡಾಲರ್ ಲೆಕ್ಕ

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ಮಾರಿದ ಹಣ ಕೈಸೇರುವ ತಿಂಗಳುಗಳಲ್ಲಿ ಡಿಮ್ಯಾಟ್ ಖಾತೆಗಳಿಗೂ ಜೀವ ಬರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಮನೆಗಳಲ್ಲಿ ಮೊದಲು ಬಾಯಿಗೆ ಬರುವುದು ಐಟಿ ಷೇರುಗಳ ಹೆಸರೇ. ಆದರೆ ಅರೇಬಿಕಾ ದರ ನ್ಯೂಯಾರ್ಕ್ ನೋಡಿಕೊಂಡು, ರೊಬಸ್ಟಾ ದರ ಲಂಡನ್ ನೋಡಿಕೊಂಡು ಏರಿಳಿಯುತ್ತದೆ. ಎರಡೂ ಕಡೆ ಲೆಕ್ಕ ಡಾಲರಿನಲ್ಲಿ. ದೊಡ್ಡ ಐಟಿ ಕಂಪನಿಗಳ ವರಮಾನದ ಹೆಚ್ಚಿನ ಪಾಲೂ ಡಾಲರೇ. ರೂಪಾಯಿ ಬಲವಾದರೆ ತೋಟಕ್ಕೂ ಷೇರಿಗೂ ಒಟ್ಟಿಗೇ ಪೆಟ್ಟು. ಹಾಗಾಗಿ ಬೆಳೆಗಾರರು ಷೇರಿಗೆಂದು ತೆಗೆದಿಟ್ಟ ಹಣದಲ್ಲಿ ಕಾಲು ಭಾಗಕ್ಕಿಂತ ಹೆಚ್ಚನ್ನು ಐಟಿಗೆ ಹಾಕದಿರುವುದು ಕ್ಷೇಮ. ಮನೆಗೆ ಐಟಿ ಸಂಬಳವೂ ಬರುತ್ತಿದ್ದರೆ ಇನ್ನೂ ಕಡಿಮೆ ಸಾಕು. ಬೆಳೆಸಾಲದ ಹಣವನ್ನಂತೂ ಇತ್ತ ತಿರುಗಿಸಲೇಬೇಡಿ.

ಮೊದಲು ಫಲಿತಾಂಶದ ಹಾಳೆ

ನಾಲ್ಕೈದು ಕಂಪನಿಗಳ ಹೆಸರು ಬರೆದುಕೊಳ್ಳಿ, ಎಲ್ಲವೂ ಒಂದೇ ಜಾತಿಯವಾಗಿರಲಿ. ಟಿಸಿಎಸ್, ಇನ್ಫೊಸಿಸ್‌ನಂಥ ಸೇವಾ ಕಂಪನಿಯನ್ನು ಆನ್‌ಲೈನ್ ಊಟ ತಲುಪಿಸುವ ಕಂಪನಿಯ ಜತೆ ತೂಗಿದರೆ ಏನೂ ತಿಳಿಯುವುದಿಲ್ಲ. ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ ಪ್ರಕಟಿಸಬೇಕು (ಕೊನೆಯ ತ್ರೈಮಾಸಿಕಕ್ಕೆ 60 ದಿನ). ಎನ್‌ಎಸ್‌ಇ, ಬಿಎಸ್‌ಇ ಷೇರು ವಿನಿಮಯ ಕೇಂದ್ರಗಳ ತಾಣಗಳಲ್ಲಿ ಅದು ಪುಕ್ಕಟೆ ಸಿಗುತ್ತದೆ.

ವರಮಾನ ಎಷ್ಟು ಏರಿತು ಎನ್ನುವಲ್ಲೇ ಹೆಚ್ಚಿನವರು ಎಡವುವುದು. ಡಾಲರ್ 83 ರೂಪಾಯಿಯಿಂದ 87ಕ್ಕೆ ಹೋದರೆ, ಒಂದೇ ಒಂದು ಹೊಸ ಕೆಲಸ ಸಿಗದಿದ್ದರೂ 100 ಡಾಲರಿನ ವರಮಾನ 8,300ರಿಂದ 8,700 ರೂಪಾಯಿಗೆ ಏರುತ್ತದೆ. ಶೇ 4.8 ‘ಬೆಳವಣಿಗೆ’! ಆದ್ದರಿಂದ ‘ಕಾನ್‌ಸ್ಟಂಟ್ ಕರೆನ್ಸಿ’ ಎಂಬ ಸಾಲನ್ನೇ ಹುಡುಕಿ. ವಿನಿಮಯ ದರದ ಏರಿಳಿತ ಕಳೆದು ಉಳಿದ ಬೆಳವಣಿಗೆ ಅಲ್ಲಿರುತ್ತದೆ. ಅತಿ ದೊಡ್ಡ ಹತ್ತು ಗ್ರಾಹಕರಿಂದ ಬರುವ ವರಮಾನದ ಪಾಲು ಅರ್ಧ ದಾಟಿದ್ದರೆ ಎಚ್ಚರ: ಒಬ್ಬ ಗ್ರಾಹಕ ಕೈಬಿಟ್ಟರೂ ವರ್ಷದ ಲಾಭ ಕುಸಿಯಬಹುದು. ಕೆಲಸ ಬಿಟ್ಟು ಹೋದವರ ಪ್ರಮಾಣವನ್ನೂ ನೋಡಿ. ಇನ್ಫೊಸಿಸ್‌ನಲ್ಲಿ 2022ರ ಏಪ್ರಿಲ್–ಜೂನ್‌ನಲ್ಲಿ ಅದು ಶೇ 28.4 ಮುಟ್ಟಿತ್ತು. ಹೋದವರ ಜಾಗಕ್ಕೆ ಬರುವವರಿಗೆ ಹೆಚ್ಚು ಸಂಬಳ ತೆರಬೇಕು. ಅದು ಲಾಭದಿಂದಲೇ ಹೋಗುತ್ತದೆ.

ಲಾಭ ಬೇರೆ, ನಗದು ಬೇರೆ

ಪುಸ್ತಕದ ಲಾಭ ಚೆರಿ ಚೀಲದ ತೂಕದಂತೆ. ಔಟ್‌ಟರ್ನ್ (ಚೆರಿಯಿಂದ ಸಿಗುವ ಕಾಳಿನ ಪ್ರಮಾಣ) ನೋಡದೆ ಬೆಲೆ ಕಟ್ಟಬಾರದು. ವಾರ್ಷಿಕ ವರದಿಯ ನಗದು ಹರಿವಿನ ಪಟ್ಟಿಯಲ್ಲಿ ‘ಕಾರ್ಯಾಚರಣೆಯಿಂದ ಬಂದ ನಗದು’ ಇರುತ್ತದೆ. ಐದು ವರ್ಷದ್ದನ್ನು ಕೂಡಿಸಿ, ಅದೇ ಐದು ವರ್ಷದ ನಿವ್ವಳ ಲಾಭದ ಮೊತ್ತದಿಂದ ಭಾಗಿಸಿ. 0.9ರ ಮೇಲಿದ್ದರೆ ಸರಿ. 0.7ಕ್ಕಿಂತ ಕೆಳಗಿದ್ದರೆ ಬಿಲ್ ಬರೆದಿದ್ದಾರೆ, ಹಣ ಬಂದಿಲ್ಲ ಎಂದೇ ಮೊದಲ ಅನುಮಾನ. ಬರಬೇಕಾದ ಬಾಕಿಯನ್ನು ವರಮಾನದಿಂದ ಭಾಗಿಸಿ 365ರಿಂದ ಗುಣಿಸಿದರೆ ಬಾಕಿಯ ದಿನ ಸಿಗುತ್ತದೆ. ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದ್ದರೆ ಆ ಹೆಸರು ಹೊಡೆದುಹಾಕಿ.

ಈ ಲೆಕ್ಕವೂ ಎಲ್ಲವನ್ನೂ ಹಿಡಿಯದು. 2009ರ ಜನವರಿ 7ರಂದು ಐಟಿ ಕಂಪನಿ ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು, ಪುಸ್ತಕದಲ್ಲಿ ತೋರಿಸಿದ 5,361 ಕೋಟಿ ರೂಪಾಯಿ ನಗದಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ಆದರೆ ಮೂರು ವಾರ ಮೊದಲು, ಡಿಸೆಂಬರ್ 16ರಂದೇ, ಕಂಪನಿಯ ಹಣದಲ್ಲಿ ಪ್ರವರ್ತಕರ ಕುಟುಂಬದ ಮೈಟಾಸ್ ಕಂಪನಿಗಳನ್ನು ಕೊಳ್ಳಲು ಆಡಳಿತ ಮಂಡಳಿ ಒಪ್ಪಿತ್ತು. ಹೂಡಿಕೆದಾರರು ತಿರುಗಿಬಿದ್ದ ಮೇಲೆ ಕೈಬಿಟ್ಟಿತು. ಅಂಥ ವ್ಯವಹಾರ ‘ರಿಲೇಟೆಡ್ ಪಾರ್ಟಿ’ ಎಂಬ ತಲೆಬರಹದಡಿ ವಾರ್ಷಿಕ ವರದಿಯಲ್ಲಿ, ಪ್ರವರ್ತಕರು ಅಡವಿಟ್ಟ ಷೇರು ಷೇರುದಾರರ ಪಟ್ಟಿಯಲ್ಲಿ ಕಾಣುತ್ತದೆ. ಎರಡನ್ನೂ ಬಿಡದೆ ಓದಿ.

ಬೆಲೆ, ಖರೀದಿ

ಷೇರು ಬೆಲೆ 1,500, ಕಳೆದ ನಾಲ್ಕು ತ್ರೈಮಾಸಿಕದಲ್ಲಿ ಷೇರೊಂದರ ಗಳಿಕೆ 60 ಎಂದುಕೊಳ್ಳಿ: ಪಿ-ಇ (ಬೆಲೆಯನ್ನು ಗಳಿಕೆಯಿಂದ ಭಾಗಿಸಿದ್ದು) 25. ಅದೇ ಕಂಪನಿಯ ಹತ್ತು ವರ್ಷದ ಸರಾಸರಿಯ ಪಕ್ಕ ಇದನ್ನಿಡಿ. ವರ್ಷಕ್ಕೆ ಶೇ 5 ಬೆಳೆಯುವ ಕಂಪನಿಗೆ 40 ಪಿ-ಇ ಕೊಡುವುದು ದುಬಾರಿಯೇ, ಹೆಸರು ಎಷ್ಟೇ ದೊಡ್ಡದಿರಲಿ. ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಐಟಿ ಕಂಪನಿ ಮೈಂಡ್‌ಟ್ರೀ ಷೇರನ್ನು 2019ರಲ್ಲಿ ಎಲ್ ಆಂಡ್ ಟಿಗೆ 980 ರೂಪಾಯಿಯಂತೆ ಮಾರಿದ್ದನ್ನು ಇಲ್ಲಿನವರು ಇಂದಿಗೂ ಉದಾಹರಿಸುತ್ತಾರೆ. ಅವರು ಹಣ ಹಾಕಿದ್ದು ಕಂಪನಿ ಹುಟ್ಟಿದ ಹೊಸತರಲ್ಲಿ. ಅದು ಷೇರುಪೇಟೆಗೆ ಬಂದದ್ದು 2007ರಲ್ಲಿ. ಸಣ್ಣ ಹೂಡಿಕೆದಾರನಿಗೆ ಆ ಮೊದಲ ಬಾಗಿಲು ತೆರೆದಿರುವುದಿಲ್ಲ.

ಕಾಫಿ ಹಣ ಒಟ್ಟಿಗೇ ಬಂತೆಂದು ಒಂದೇ ದಿನ ಕೊಳ್ಳಬೇಡಿ. ನಾಲ್ಕು ಪಾಲು ಮಾಡಿ, ಪ್ರತಿ ತ್ರೈಮಾಸಿಕದ ಫಲಿತಾಂಶ ಓದಿದ ಮೇಲೆ ಒಂದು ಪಾಲು ಹಾಕಿ. ಸಣ್ಣ ಕಂಪನಿಯ ಷೇರಿಗೆ ಲಿಮಿಟ್ ಆರ್ಡರ್ (ಇದಕ್ಕಿಂತ ಹೆಚ್ಚು ಬೆಲೆ ಕೊಡೆನು ಎಂಬ ಆರ್ಡರ್) ಬಿಟ್ಟು ಬೇರೇನೂ ಬೇಡ. ಮಾರುವವರು ಕಡಿಮೆಯಿದ್ದಾಗ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಕೊಳ್ಳುವ ಆರ್ಡರ್) ಹಾಕಿದರೆ ಎಣಿಸದ ಬೆಲೆಗೆ ಸಿಕ್ಕಿಬೀಳುತ್ತೀರಿ. ವಾಟ್ಸ್‌ಆ್ಯಪ್‌ನಲ್ಲಿ ಸಲಹೆ ಕೊಡುವವರ ಸೆಬಿ (ಷೇರುಪೇಟೆ ನಿಯಂತ್ರಕ ಸಂಸ್ಥೆ) ನೋಂದಣಿ ಸಂಖ್ಯೆ ಕೇಳಿ (ಸಲಹೆಗಾರರದ್ದು ಐಎನ್‌ಎ, ವಿಶ್ಲೇಷಕರದ್ದು ಐಎನ್‌ಎಚ್‌ನಿಂದ ಶುರು) ಮತ್ತು ಸೆಬಿ ತಾಣದಲ್ಲೇ ತಾಳೆ ನೋಡಿ.

ಇನ್ನು ತೆರಿಗೆ. ಕಾಫಿ ಹಣದಲ್ಲಿ ಕೊಂಡದ್ದು ಎಂಬ ಮಾತ್ರಕ್ಕೆ ಷೇರಿನ ಲಾಭ ಕೃಷಿ ಆದಾಯವಾಗುವುದಿಲ್ಲ. 2024ರ ಜುಲೈ 23ರಿಂದ ಜಾರಿಯಾದ ದರದಂತೆ, ವರ್ಷ ತುಂಬುವ ಮೊದಲು ಮಾರಿದರೆ ಲಾಭಕ್ಕೆ ಶೇ 20. ವರ್ಷ ದಾಟಿದ ಮೇಲೆ 1.25 ಲಕ್ಷ ರೂಪಾಯಿವರೆಗಿನ ಲಾಭ ಬಿಟ್ಟು ಉಳಿದದ್ದಕ್ಕೆ ಶೇ 12.5. ಈ ವಿನಾಯಿತಿ ಪ್ರತಿ ಹಣಕಾಸು ವರ್ಷಕ್ಕೂ ಸಿಗುವುದರಿಂದ, ದೊಡ್ಡ ಮೊತ್ತ ಮಾರುವವರು ಒಂದು ಭಾಗವನ್ನು ಮಾರ್ಚ್ ಕೊನೆಗೆ, ಇನ್ನೊಂದನ್ನು ಏಪ್ರಿಲ್‌ನಲ್ಲಿ ಮಾರಿದರೆ ಎರಡು ವರ್ಷದ ವಿನಾಯಿತಿಯೂ ದಕ್ಕುತ್ತದೆ.