ಮೊದಲ ಜಿಂಕೆ ಬೇಟೆ: ಈಡು ಹೊಡೆದ ಮೇಲೆ ಅವಸರ ಬೇಡ

ಮಕ್ಕಳ ಮೊದಲ ಜಿಂಕೆ ಬೇಟೆ ಹಾಳಾಗುವುದು ಗುರಿ ತಪ್ಪಿದ್ದರಿಂದ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಾನು ನೋಡಿದ ಮಟ್ಟಿಗೆ ಹಾಗಲ್ಲ. ಈಡು ಸರಿಯಾಗಿಯೇ ಬಿದ್ದಿರುತ್ತದೆ. ಪಕ್ಕದಲ್ಲಿ ಕೂತ ದೊಡ್ಡವರು ಖುಷಿ ತಡೆಯಲಾರದೆ ಎದ್ದು ಓಡುತ್ತಾರೆ, ಮಗುವೂ ಹಿಂದೆ ಓಡುತ್ತದೆ. ಹತ್ತಿರದ ಪೊದೆಯಲ್ಲಿ ಮಲಗಿ ಅಲ್ಲೇ ಸಾಯಬೇಕಿದ್ದ ಜಿಂಕೆ ಗಾಬರಿಯಿಂದ ಎದ್ದು ಮೈಲಿಗಟ್ಟಲೆ ಹೋಗಿಬಿಡುತ್ತದೆ. ಪ್ರಾಣಿಗೆ ನರಳಾಟ, ಮಗುವಿಗೆ ರಾತ್ರಿಯೆಲ್ಲ ಅಳು.

ಒಂದು ಮಾತು ಮೊದಲೇ ಹೇಳಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ನಾನು ಹೇಳುತ್ತಿರುವುದು ಅಮೆರಿಕದ ಬಿಳಿಬಾಲದ ಜಿಂಕೆಯ ವಿಷಯ. ಅಲ್ಲಿ ಅದಕ್ಕೆ ಸೀಸನ್ ಇದೆ, ಲೈಸೆನ್ಸ್ ಇದೆ. ಅನೇಕ ರಾಜ್ಯಗಳಲ್ಲಿ ಮಕ್ಕಳಿಗೇ ಮೀಸಲಾದ ದಿನಗಳೂ ಇವೆ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ಮಗುವನ್ನು ಬೇಟೆ ಸುರಕ್ಷತೆಯ ತರಗತಿಗೆ ಕಳಿಸಿ, ನೀವೂ ಜೊತೆಗೆ ಕೂತುಕೊಳ್ಳಿ. ಕೋವಿ, ತೋಟಾಗಳ ಮೇಲಿನ ತೆರಿಗೆಯನ್ನು ವನ್ಯಜೀವಿ ರಕ್ಷಣೆಗೆ ಕೊಡುವ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಹಣವೇ ಈ ತರಗತಿಗಳಿಗೂ ನೆರವಾಗುತ್ತದೆ.

1. ಕೋವಿ ಮತ್ತು ಅಭ್ಯಾಸ

ಅಪ್ಪನ ರೈಫಲ್ ಕೊಡಬೇಡಿ. ಅದು ಮಗುವಿನ ಭುಜಕ್ಕೆ ಸರಿಯಾಗಿ ಕೂರುವುದಿಲ್ಲ, ಒದೆತವೂ ಜಾಸ್ತಿ. ಒಂದು ಸಲ ಜೋರಾಗಿ ಒದೆ ತಿಂದ ಮಗು ಆಮೇಲೆ ಟ್ರಿಗರ್ ಎಳೆಯುವಾಗೆಲ್ಲ ಕಣ್ಣು ಮುಚ್ಚುತ್ತದೆ. ಮೊದಲು ಸಣ್ಣ ತೋಟಾದ .22 ರೈಫಲ್‌ನಲ್ಲಿ ಕಲಿಸಿ, ಬೇಟೆಗೆ ಒದೆತ ಕಡಿಮೆಯಿರುವ .243 ವಿಂಚೆಸ್ಟರ್ ತೋಟಾದ ರೈಫಲ್ ಕೊಡಿ. ಕಿವಿಗೆ ಸದ್ದು ತಡೆಯುವ ಮಫ್ ಕಡ್ಡಾಯ. ಬರೀ ಮೇಜಿನ ಮೇಲೆ ಕೋವಿ ಇಟ್ಟು ಗುರಿ ಕಲಿಸಿದರೆ ಪ್ರಯೋಜನವಿಲ್ಲ, ಕಾಡಿನಲ್ಲಿ ಮೇಜು ಎಲ್ಲಿರುತ್ತದೆ? ಮಂಡಿಯೂರಿ, ಕವೆಗೋಲಿಗೆ ಆನಿಸಿ ಹೊಡೆಯುವುದು ರೂಢಿಯಾಗಬೇಕು. ಮೊದಲ ಜಿಂಕೆಗೆ 100 ಗಜವೇ ಗಡಿ, ಅದರಾಚೆ ಎಷ್ಟು ದೊಡ್ಡ ಕೊಂಬಿನ ಗಂಡು ಬಂದರೂ ಬಿಟ್ಟುಬಿಡಿ.

ತಾಮ್ರದ ಗುಂಡನ್ನೇ ತನ್ನಿ. ಸೀಸದ ಗುಂಡು ಒಳಗೆ ಚೂರುಚೂರಾಗಿ, ಕಣ್ಣಿಗೆ ಕಾಣದ ತುಣುಕುಗಳು ಗಾಯದಿಂದ ದೂರದ ಮಾಂಸಕ್ಕೂ ಸೇರುತ್ತವೆ. ಅದನ್ನು ಮನೆಯ ಮಕ್ಕಳೇ ತಿನ್ನುವುದು, ಅಲ್ವಾ? ಕ್ಯಾಲಿಫೋರ್ನಿಯಾದಲ್ಲಂತೂ 2019ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ.

2. ಕಾಯುವುದು

ಕಿತ್ತಳೆ ಬಣ್ಣದ ಮೇಲಂಗಿ ಹಾಕಿ, ಬೆಳಕು ಹರಿಯುವ ಮೊದಲೇ ಹೋಗಿ ಕೂರಿ. ಗಾಳಿ ಜಿಂಕೆ ಬರುವ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು. ಮೈವಾಸನೆ ಅಡಗಿಸುತ್ತದೆ ಎಂದು ಮಾರುವ ಸ್ಪ್ರೇಗಳಿಗೆ ಸುಮ್ನೆ ದುಡ್ಡು ಹಾಕಬೇಡಿ, ಗಾಳಿ ತಿರುಗಿದರೆ ಯಾವ ಸ್ಪ್ರೇಯೂ ಕಾಪಾಡುವುದಿಲ್ಲ. ಆ ದುಡ್ಡಲ್ಲಿ ಮಗುವಿಗೆ ಬೆಚ್ಚನೆಯ ಕಾಲುಚೀಲ ಕೊಡಿಸಿ. ಚಳಿಯಲ್ಲಿ ನಡುಗುವ ಮಗುವಿಗೆ ಗುರಿ ನಿಲ್ಲುವುದಿಲ್ಲ.

3. ಈಡು

ಜಿಂಕೆ ಪೂರ್ತಿ ಅಡ್ಡ ನಿಂತಿರಬೇಕು, ಇಲ್ಲವೇ ತುಸು ಆಚೆ ಮುಖ ಮಾಡಿರಬೇಕು. ಅಡ್ಡ ನಿಂತಾಗ ಮುಂಗಾಲಿನ ಹಿಂದಿನ ಅಂಚಿನಿಂದ ನೇರ ಮೇಲೆ, ಕೆಳಗಿನಿಂದ ಮೈಯ ಎತ್ತರದ ಮೂರನೇ ಒಂದು ಭಾಗದಲ್ಲಿ ಗುರಿ. ಅಲ್ಲಿ ಹೃದಯ, ಶ್ವಾಸಕೋಶ ಎರಡೂ ಇವೆ. ಎದುರು ಮುಖ ಮಾಡಿ ನಿಂತ ಜಿಂಕೆಗೆ ಹೊಡೆಯಲು ಬಿಡಬೇಡಿ.

“ಹೊಡಿ, ಹೊಡಿ” ಎಂದು ಪಿಸುಗುಡಲೇಬೇಡಿ. ಕೇಳಬೇಕಾದ್ದು ಎರಡೇ: “ಮುಂಗಾಲು ಕಾಣ್ತಾ ಇದೆಯಾ? ಜಿಂಕೆಯ ಹಿಂದೆ ಏನಿದೆ?” ಮಗು “ಬೇಡ” ಎಂದರೆ ಅಲ್ಲಿಗೆ ಮುಗಿಯಿತು. ಯಾಕೆ ಎಂದು ಕೇಳಬೇಡಿ.

4. ಈಡಿನ ನಂತರ

ಇಲ್ಲಿಂದ ನಿಧಾನವಾಗಿ ಓದಿ. ಈಡು ಬಿದ್ದ ಕೂಡಲೇ ಮಗು ಇನ್ನೊಂದು ತೋಟಾ ಏರಿಸಿ ಸೇಫ್ಟಿ ಹಾಕಲಿ. ನೀವು ಜಿಂಕೆಯನ್ನು ನೋಡಿ. ಹಿಂಗಾಲು ಝಾಡಿಸಿ ಓಡಿದರೆ ಎದೆಗೆ ಬಿದ್ದಿರುವ ಸಾಧ್ಯತೆ ಹೆಚ್ಚು. ಬೆನ್ನು ಗೂನಾಗಿಸಿ, ಬಾಲ ಮುದುರಿಕೊಂಡು ಮೆಲ್ಲಗೆ ನಡೆದರೆ ಹೊಟ್ಟೆಗೆ ಬಿದ್ದಿದೆ. ಅದು ಈಡು ಬಿದ್ದಾಗ ನಿಂತಿದ್ದ ಜಾಗ ಮತ್ತು ಕಣ್ಮರೆಯಾದ ಜಾಗ, ಎರಡಕ್ಕೂ ಒಂದೊಂದು ಮರವನ್ನೋ ಬಂಡೆಯನ್ನೋ ಗುರುತಿಟ್ಟುಕೊಳ್ಳಿ. ಕೂತಲ್ಲಿಂದಲೇ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ, ಏಕೆಂದರೆ ಎದ್ದು ಅಲ್ಲಿಗೆ ಹೋಗಿ ನೋಡಿದರೆ ಎಲ್ಲ ಬೇರೆಯಾಗಿಯೇ ಕಾಣುತ್ತದೆ.

ಈಗ ಗಡಿಯಾರ ನೋಡಿ. ಜಿಂಕೆ ಕಣ್ಣೆದುರೇ ಬಿದ್ದಿಲ್ಲವೆಂದರೆ ಕನಿಷ್ಠ ಅರ್ಧ ಗಂಟೆ ಅಲ್ಲಾಡಬಾರದು. ಮಗುವಿನ ಕೈಕಾಲು ನಡುಗುತ್ತವೆ, ಕೆಲವರು ಅಳುತ್ತಾರೆ. ಅಳಲಿ. ಬಿಸಿ ಏನಾದರೂ ಕುಡಿಯಲು ಕೊಟ್ಟು, ಏನೇನು ಕಂಡಿತು ಎಂದು ಕೇಳಿ. ಮರೆಯುವ ಮೊದಲು ಹೇಳಿಸಿದರೆ ಜಾಡು ಹಿಡಿಯಲೂ ಅನುಕೂಲ.

ಆಮೇಲೆ ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ ಮಂಡಿಯೂರಿ. ನಸುಗೆಂಪು ರಕ್ತ, ಅದರಲ್ಲಿ ಸಣ್ಣ ಸಣ್ಣ ಗುಳ್ಳೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹೊರಡಿ. ಕಡುಗೆಂಪಾಗಿದ್ದರೆ ಲಿವರ್, ಇನ್ನೂ ಮೂರು ನಾಲ್ಕು ಗಂಟೆ ಬಿಡಿ. ಎಲೆಯೊಂದನ್ನು ಎತ್ತಿ ಮೂಸಿ ನೋಡಿ. ಹಸಿರು ಕಂದು ಕಲೆ, ಕೆಟ್ಟ ವಾಸನೆ ಇದ್ದರೆ ಕರುಳಿಗೆ ಬಿದ್ದಿದೆ. ಬಂದ ದಾರಿಯಲ್ಲೇ ಸದ್ದಿಲ್ಲದೆ ವಾಪಸ್ ಹೋಗಿ, ಆರರಿಂದ ಎಂಟು ಗಂಟೆ ಕಾಯಬೇಕು. “ಸಂಜೆಯಾಗುತ್ತಿದೆ, ಸ್ವಲ್ಪ ನೋಡಿ ಬರೋಣ” ಎನ್ನುವವರ ಮಾತು ಕೇಳಲೇಬೇಡಿ. ಆ ‘ಸ್ವಲ್ಪ’ದಲ್ಲೇ ಜಿಂಕೆ ಕೈತಪ್ಪುವುದು.

ಜಾಡಿನಲ್ಲಿ ಮಗುವೇ ಮುಂದಾಳು. ರಕ್ತದ ಗುರುತಿನ ಮೇಲೆ ಕಾಲಿಡದೆ ಪಕ್ಕದಲ್ಲೇ ನಡೆಯಿರಿ. ಕಂಡ ಪ್ರತಿ ಗುರುತಿಗೂ ಟಾಯ್ಲೆಟ್ ಪೇಪರಿನ ಚೂರು ಸಿಕ್ಕಿಸಿ. ಹಿಂತಿರುಗಿ ನೋಡಿದರೆ ಆ ಬಿಳಿ ಚೂರುಗಳ ಸಾಲೇ ಜಿಂಕೆ ಹೋದ ದಿಕ್ಕು ಹೇಳುತ್ತದೆ. ಗುರುತು ನಿಂತುಹೋದರೆ ಮಗುವನ್ನು ಕೊನೆಯ ಹನಿಯ ಹತ್ತಿರ ನಿಲ್ಲಿಸಿ, ಅದರ ಕಣ್ಣಳತೆಯಲ್ಲೇ ನೀವು ಸುತ್ತ ಹುಡುಕಿ. ನೆಲ ಬಿಟ್ಟು ಹುಲ್ಲಿನ ಕಡ್ಡಿ, ಮರದ ಕಾಂಡಗಳಲ್ಲೂ ಮಂಡಿಯೆತ್ತರದಲ್ಲಿ ನೋಡಿ. ರಕ್ತವೋ ಕೆಂಪು ಎಲೆಯ ಚುಕ್ಕೆಯೋ ಎಂದು ಅನುಮಾನ ಬಂದರೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ಚಿಮುಕಿಸಿ, ರಕ್ತವಾದರೆ ನೊರೆ ಏಳುತ್ತದೆ. ರಕ್ತ ಹೊಳೆಯುವಂತೆ ಮಾಡುತ್ತದೆ ಎನ್ನುವ ದುಬಾರಿ ಟಾರ್ಚುಗಳಿಗಿಂತ ಇದು ವಾಸಿ. ಎಷ್ಟು ಹುಡುಕಿದರೂ ಸಿಗದಿದ್ದರೆ ಇಡೀ ಜಾಗ ತುಳಿದು ಹಾಳುಮಾಡುವ ಮೊದಲೇ ಜಾಡು ಹಿಡಿಯುವ ನಾಯಿ ಇರುವವರನ್ನು ಕರೆಸಿ. ಅನೇಕ ರಾಜ್ಯಗಳಲ್ಲಿ ಹಗ್ಗ ಕಟ್ಟಿದ ನಾಯಿಗೆ ಅನುಮತಿ ಇದೆ.

ಜಿಂಕೆ ಕಂಡಾಗ ಹಿಂದಿನಿಂದ, ಬೆನ್ನಿನ ಕಡೆಯಿಂದ ಹತ್ತಿರ ಹೋಗಿ. ಸತ್ತ ಜಿಂಕೆಯ ಕಣ್ಣು ಸಾಮಾನ್ಯವಾಗಿ ತೆರೆದೇ ಇರುತ್ತದೆ. ಮುಚ್ಚಿದ್ದರೆ ಜೀವ ಇದೆ ಎಂದೇ ತಿಳಿದು ಇನ್ನೊಂದು ಈಡಿಗೆ ಸಿದ್ಧವಾಗಿರಿ. ಉದ್ದದ ಕೋಲಿನಿಂದ ಕಣ್ಣು ಮುಟ್ಟಿದಾಗ ರೆಪ್ಪೆ ಬಡಿಯದಿದ್ದರೆ ಮಾತ್ರ ಕೋವಿ ಖಾಲಿ ಮಾಡಿಸಿ. ಮಗು ಜಿಂಕೆಯ ಪಕ್ಕ ಸುಮ್ಮನೆ ಕೂರಬೇಕೆಂದರೆ ಕೂರಲಿ, ಫೋಟೊಗೆ ನಗು ಎಂದು ಒತ್ತಾಯ ಮಾಡಬೇಡಿ.

5. ಟ್ಯಾಗ್ ಮತ್ತು ಮಾಂಸ

ಜಿಂಕೆಯನ್ನು ಕದಲಿಸುವ ಮೊದಲೇ ಟ್ಯಾಗ್, ಅಂದರೆ ಬೇಟೆಯಾದ ಜಿಂಕೆಗೆ ಕಟ್ಟುವ ಸಂಖ್ಯೆಯಿರುವ ಗುರುತಿನ ಚೀಟಿ, ಹಾಕಿ. ಕೈಗವಸು ಹಾಕಿ, ಸಣ್ಣ ಚೂಪು ಚಾಕುವಿನಿಂದ ಹೊಟ್ಟೆ ಸೀಳಿ. ಚಾಕುವಿನ ಬಾಯಿ ಮೇಲ್ಮುಖವಾಗಿದ್ದರೆ ಕರುಳು, ಮೂತ್ರಕೋಶ ಒಡೆಯುವುದಿಲ್ಲ. ಒಂದು ಭಾಗವನ್ನಾದರೂ ಮಗುವಿನ ಕೈಯಲ್ಲೇ ಮಾಡಿಸಿ. ಮಾಂಸ ಬೇಗ ತಣ್ಣಗಾಗಬೇಕು, 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಸಿ.

ಜಿಂಕೆಗಳ ಮಿದುಳಿಗೆ ತಗಲುವ ಕ್ರಾನಿಕ್ ವೇಸ್ಟಿಂಗ್ ಎಂಬ ರೋಗ ಅನೇಕ ರಾಜ್ಯಗಳಲ್ಲಿದೆ. ಬೇಯಿಸಿದರೂ ಅದು ಹೋಗುವುದಿಲ್ಲ. ಮನುಷ್ಯರಿಗೆ ಹರಡಿದ್ದು ಇದುವರೆಗೆ ಖಚಿತವಾಗಿಲ್ಲ, ಆದರೂ ಸೋಂಕಿರುವ ಜಿಂಕೆಯ ಮಾಂಸ ತಿನ್ನಬಾರದು ಎಂಬುದೇ ಅಮೆರಿಕದ ಆರೋಗ್ಯ ಸಂಸ್ಥೆ ಸಿಡಿಸಿಯ ಸಲಹೆ. ನಿಮ್ಮ ಪ್ರದೇಶದಲ್ಲಿ ಆ ರೋಗವಿದ್ದರೆ ಪರೀಕ್ಷೆಗೆ ಕೊಡಿ. ಫಲಿತಾಂಶ ಬರುವವರೆಗೆ ಪೊಟ್ಟಣಗಳ ಮೇಲೆ ಟ್ಯಾಗ್ ಸಂಖ್ಯೆ ಬರೆದು ಫ್ರೀಜರಿನಲ್ಲಿ ಬೇರೆಯಾಗಿಯೇ ಇಡಿ. ಸೋಂಕಿದ್ದರೆ ಮಾಂಸ ಎಸೆಯಬೇಕಾಗುತ್ತದೆ ಎಂಬುದನ್ನು ಕಾಡಿಗೆ ಹೊರಡುವ ಮೊದಲೇ ಮಗುವಿಗೆ ಹೇಳಿರಿ.