ಹಾಳೆತಟ್ಟೆ ಕೊಳ್ಳುವ ಮುನ್ನ, ಬಳಸಿದ ಮೇಲೆ

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಗೊಂಡಿರುವುದರಿಂದ, ಮನೆಯ ಸಮಾರಂಭಗಳಿಗೆ ಅಡಿಕೆ ಹಾಳೆಯ ತಟ್ಟೆಗಳನ್ನು ತರಿಸುವವರಿಗಾಗಿ ಈ ಸಲಹೆ. ಮರದಿಂದ ತಾನಾಗಿ ಕಳಚಿ ಬಿದ್ದ ಹಾಳೆಯನ್ನು ತೊಳೆದು, ನೆನೆಸಿ ಮೆದುವಾಗಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧವಾಗುತ್ತದೆ. ಅಂಟಾಗಲಿ ಮೇಣವಾಗಲಿ ಬೇಕಿಲ್ಲ. ಆದರೆ ಸರಿಯಾಗಿ ಒಣಗದ ಹಾಳೆಗೆ ಮಳೆಗಾಲದಲ್ಲಿ ಬಹಳ ಬೇಗ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಕೊಳ್ಳುವಾಗ ಕಟ್ಟಿನ ಮೇಲಿನ ತಟ್ಟೆಯನ್ನಷ್ಟೇ ನೋಡದೆ ನಡುವಿನ ಒಂದೆರಡನ್ನು ಹೊರಗೆಳೆದು, ಅಂಚಿನ ಮಡಿಕೆಗಳಲ್ಲಿ ಕಪ್ಪು ಅಥವಾ ಹಸಿರು ಚುಕ್ಕೆಗಳಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಮೂಸಿಯೂ ನೋಡಿ: ಒಣ ಹಾಳೆಯ ವಾಸನೆ ಇರಬೇಕೇ ಹೊರತು ಮುಗ್ಗಲು ವಾಸನೆ ಇರಬಾರದು. ಬೂಷ್ಟು ಕಂಡದ್ದನ್ನು ಒರೆಸಿ ಬಡಿಸುವ ಕೆಲಸವನ್ನು ದಯವಿಟ್ಟು ಮಾಡಬೇಡಿ. ಮನೆಗೆ ತಂದ ಕಟ್ಟುಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲಿಟ್ಟು, ಊಟದ ಹಿಂದಿನ ದಿನ ಸ್ವಲ್ಪ ಹೊತ್ತು ಬಿಸಿಲಿಗೆ ಹರಡುವುದು ಒಳ್ಳೆಯದು.

ಉಂಡ ತಟ್ಟೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಟ್ಟರೆ ಈ ಕಾಳಜಿಯೆಲ್ಲ ವ್ಯರ್ಥ. ಅವನ್ನು ಹರಿದು, ಸಗಣಿ ನೀರು ಚಿಮುಕಿಸಿ ಗೊಬ್ಬರದ ಗುಂಡಿಗೆ ಹಾಕಿ. ಇಡೀ ತಟ್ಟೆಗಳು ಒಂದರೊಳಗೊಂದು ಕೂತರೆ ಗಾಳಿಯಾಡದೆ ಕೊಳೆಯುವುದು ತಡವಾಗುತ್ತದೆ.